ಇಲ್ಲಿಯವರೆಗೆ: ಒಬ್ಬ ಲಿಫ್ಟ್ ಮೆಕ್ಯಾನಿಕ್ ಆಡಿದ ಪ್ರಾರ್ಥನೆಯ ಮಾತು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾವು ಕೆಲವು ಕನ್ನಡ ಕ್ರೈಸ್ತ ಕುಟುಂಬಗಳು ತಿಂಗಳಿಗೊಮ್ಮೆ ಸೇರುತ್ತೇವೆ. ಲೆಂಟ್‌ನ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ, ಒಂದು ಶನಿವಾರ ಸಂಜೆ ನನ್ನನ್ನು ಮಾತಾಡಲು ನಿಲ್ಲಿಸಿದರು. ಕೊಟ್ಟ ವಿಷಯ, ದಿನದ ಬದುಕಿನಲ್ಲಿ ದೇವರ ಮೇಲೆ ಭರವಸೆ. ಆಮೇಲೆ ಬರೆದು ಕೊಡಿ, ಬರಲಾಗದವರು ಓದಲಿ ಅಂದರು. ನನ್ನ ಹತ್ತಿರ ನೋಟ್ಸ್ ಇರಲಿಲ್ಲ. ಯಾರೋ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದರು, ಅದನ್ನು ಕೇಳಿಸಿಕೊಂಡು ಬರೆದಿದ್ದೇನೆ. ಕೆಮ್ಮಿದ್ದು, ಒಂದೇ ಮಾತನ್ನು ಎರಡೆರಡು ಸಲ ಹೇಳಿದ್ದು, ಮೈಕ್ ಕೈಕೊಟ್ಟಿದ್ದು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.

ಎಲ್ಲರಿಗೂ ವಂದನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಅಯ್ಯನವರೂ ಅಲ್ಲ, ಫಾದರೂ ಅಲ್ಲ. 31 ವರ್ಷ ಮುಂಬೈಯಲ್ಲಿ ಲಿಫ್ಟ್ ರಿಪೇರಿ ಮಾಡಿದವನು. ಇಲ್ಲಿ ಮಂಗಳೂರು, ಉಡುಪಿ ಕಡೆಯ ಕಥೋಲಿಕರಿದ್ದೀರಿ, ಬೀದರ್ ಕಡೆಯ ಮೆಥೋಡಿಸ್ಟರಿದ್ದೀರಿ, ನಮ್ಮ ಹಾಗೆ ಗದಗ-ಬೆಟಗೇರಿಯ ಬಾಸೆಲ್ ಮಿಶನ್ ಮನೆತನದವರೂ ಇದ್ದೀರಿ. ನೀವು ಪೂಜೆ ಅನ್ನುತ್ತೀರಿ, ನಾವು ಆರಾಧನೆ ಅನ್ನುತ್ತೇವೆ. ನೀವು ವಿಶ್ವಾಸ ಅನ್ನುವುದನ್ನು ನಾವು ನಂಬಿಕೆ ಅನ್ನುತ್ತೇವೆ. ಚಹಾ ಮಾತ್ರ ಎಲ್ಲರೂ ಒಂದೇ ಥರ ಕುಡಿಯುತ್ತೇವೆ, ಅದು ಇವತ್ತು ಮಾತು ಮುಗಿದ ಮೇಲೆ ಅಂತೆ. ಹಾಗಾಗಿ ಬೇಗ ಮುಗಿಸುತ್ತೇನೆ.

ಈ ಹಾಲ್ ಮೂರನೇ ಮಹಡಿಯಲ್ಲಿದೆ. ಲಿಫ್ಟ್‌ನಲ್ಲಿ ಬಂದವರು ಎಷ್ಟು ಜನ? ಬಹಳ ಜನ ಇದ್ದೀರಿ. ಹತ್ತುವ ಮುಂಚೆ ಯಾರಾದರೂ ಮೇಲೆ ಹೋಗಿ ರೋಪ್ ನೋಡಿ ಬಂದಿರಾ? ಇಲ್ಲ ಅಲ್ವಾ. ನಾನೂ ನೋಡಲಿಲ್ಲ, ಆದರೆ ಕಿವಿ ಕೊಟ್ಟೆ. ನಮ್ಮ ಮನೆಯವಳು ಯಾವಾಗಲೂ ಬೈಯುತ್ತಾಳೆ, 'ರೀ, ಮಂದಿ ಲಿಫ್ಟ್‌ನ್ಯಾಗ ಕನ್ನಡಿ ನೋಡ್ಕೋತಾರ, ನೀವು ಮಾಳಗಿ ನೋಡ್ತೀರಿ' ಅಂತ.

ನೀವು ಯಾಕೆ ನೋಡಲಿಲ್ಲ? ನಿನ್ನೆ ಅದು ಮೇಲೆ ಹೋಗಿತ್ತು, ಮೊನ್ನೆಯೂ ಹೋಗಿತ್ತು, ಅಷ್ಟೇ ಕಾರಣ. ಲಿಫ್ಟ್‌ನ ಇತಿಹಾಸದಲ್ಲೇ ಹಾಗೆ. 1854ರಲ್ಲಿ ನ್ಯೂಯಾರ್ಕ್‌ನ ಒಂದು ದೊಡ್ಡ ಪ್ರದರ್ಶನದಲ್ಲಿ ಎಲಿಶಾ ಓಟಿಸ್ ಅನ್ನುವವನು ಎತ್ತರದ ಹಲಗೆಯ ಮೇಲೆ ತಾನೇ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕಡಿಸಿದ. ಹಲಗೆ ಒಂಚೂರು ಕುಸಿದು ನಿಂತಿತು. ಅವತ್ತಿನವರೆಗೆ ಜನ ಲಿಫ್ಟ್ ಅಂದರೆ ಹೆದರುತ್ತಿದ್ದರು, ಹಗ್ಗ ಹರಿದರೆ ಏನು ಗತಿ ಅಂತ. ಭಾಷಣ ಮಾಡಿದ್ದರೆ ನಂಬುತ್ತಿದ್ದರಾ? ಹಗ್ಗ ಹರಿದರೂ ನಿಂತದ್ದನ್ನು ಕಣ್ಣಾರೆ ಕಂಡರು, ನಂಬಿದರು. ಈಗಿನ ಲಿಫ್ಟ್‌ನಲ್ಲಿ ಒಂದಲ್ಲ, ಹಲವು ಉಕ್ಕಿನ ರೋಪ್ ಇರುತ್ತವೆ. ಅದರ ಮೇಲೆ ಗವರ್ನರ್ ಅಂತ ಒಂದು ಚಕ್ರ ಇರುತ್ತದೆ, ಕ್ಯಾಬಿನ್ ಲೆಕ್ಕಕ್ಕಿಂತ ಜೋರಾಗಿ ಇಳಿದರೆ ಅದು ಕಚ್ಚುತ್ತದೆ, ಕೆಳಗಿನ ಬ್ಲಾಕ್‌ಗಳು ಎರಡೂ ಕಡೆಯ ಹಳಿಯನ್ನು ಗಟ್ಟಿಯಾಗಿ ಹಿಡಿದುಬಿಡುತ್ತವೆ. ನೀವು ದಿನಾ ಅದರ ಮೇಲೆ ನಿಂತಿರುತ್ತೀರಿ, ಹೆಸರು ಕೂಡ ಕೇಳಿರುವುದಿಲ್ಲ.

ಇಲ್ಲಿಗೆ ಹೋಲಿಕೆ ನಿಲ್ಲಿಸುತ್ತೇನೆ. ದೇವರು ಲಿಫ್ಟ್ ಅಲ್ಲ. ಬಟನ್ ಒತ್ತಿದರೆ ಬರುವವನಲ್ಲ. ಆದರೆ ನಾಚಿಕೆ ಬಿಟ್ಟು ಹೇಳುವುದಾದರೆ, ಬಹಳ ವರ್ಷ ನನ್ನ ಪ್ರಾರ್ಥನೆ ಬಟನ್ ಒತ್ತುವ ಪ್ರಾರ್ಥನೆಯೇ ಆಗಿತ್ತು. ಅದೂ ದಿನಾ ಒತ್ತುವ ಬಟನ್ ಅಲ್ಲ, ಕೆಳಗೆ ಹಳದಿ ಬಣ್ಣದ್ದು ಗಂಟೆಯ ಚಿತ್ರ ಇರುವುದು ಇರುತ್ತದಲ್ಲ, ಅದು. ಸಿಕ್ಕಿಹಾಕಿಕೊಂಡಾಗ ಮಾತ್ರ ಒತ್ತುವುದು, ಬಾಗಿಲು ತೆರೆದ ಕೂಡಲೇ ಮರೆತು ಮನೆಗೆ ಹೋಗುವುದು.

ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಜಾತ್ರೆಗೆ ಹೋದವರಿಗೆ ಗೊತ್ತು. ಸೆಪ್ಟೆಂಬರ್ 8ರ ಹಬ್ಬದ ಸುಮಾರಿಗೆ ಆ ಏರಿನ ರಸ್ತೆಯ ಅಂಗಡಿಗಳಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮಗು, ಮೇಣದ ಮನೆ ಮಾರುತ್ತಾರೆ. ಕಾಲು ನೋವಿದ್ದವರು ಕಾಲು, ಮನೆ ಬೇಕಾದವರು ಮನೆ ತಂದು ಮಾತೆಯ ಮುಂದೆ ಇಟ್ಟು ಬೇಡಿಕೊಳ್ಳುತ್ತಾರೆ. ಈ ಊರಲ್ಲಿ ಮನೆಯ ಮೇಣದ ಬತ್ತಿಗೆ ಗಿರಾಕಿ ಜಾಸ್ತಿ ಇದ್ದರೆ ಆಶ್ಚರ್ಯ ಏನಿಲ್ಲ. ಮಾಹಿಮ್‌ನ ಚರ್ಚಿನಲ್ಲಿ 1948ರಿಂದ ಪ್ರತಿ ಬುಧವಾರ ನೊವೆನಾ ಅನ್ನುವ ಪ್ರಾರ್ಥನೆ ನಡೆಯುತ್ತದೆ, ಎಲ್ಲ ಜಾತಿ ಧರ್ಮದ ಜನ ಬರುತ್ತಾರೆ. ನಾನು ಹೊಸದಾಗಿ ಬಂದಾಗ ಇದನ್ನೆಲ್ಲ ನೋಡಿ ನಗುತ್ತಿದ್ದೆ. ನಮ್ಮ ಪ್ರೊಟೆಸ್ಟಂಟ್ ಗರ್ವ ಅದು. ಈಗ ನಗುವುದಿಲ್ಲ. ಬೇಡಿಕೊಳ್ಳಿರಿ ಅಂತ ಯೇಸುವೇ ಹೇಳಿದ್ದಾನೆ, ಬೇಡುವುದರಲ್ಲಿ ತಪ್ಪೇನಿದೆ? ಮೇಣದ ಮನೆ ಇಟ್ಟವಳು ಬಾಯಿಯಿಂದ ಕೇಳುವುದನ್ನು ಕೈಯಿಂದ ಕೇಳಿದಳು. ನನ್ನ ತಕರಾರು ಇರುವುದು ನನ್ನ ಮೇಲೇ: ಕೇಳಿದ ಮೇಲೆ ಏನಾಯ್ತು ಅಂತ ನಾನು ಎಂದೂ ಹಿಂದಿರುಗಿ ನೋಡಲಿಲ್ಲ.

ನಮ್ಮ ಕೆಲಸದಲ್ಲಿ ಹಿಂದಿರುಗಿ ನೋಡದೆ ಒಂದು ಸ್ಕ್ರೂ ಕೂಡ ಬಿಚ್ಚುವ ಹಾಗಿಲ್ಲ. ಹಳೆಯ ಬಿಲ್ಡಿಂಗ್‌ಗಳ ಟೆರೇಸ್ ಮೇಲೆ ಮೆಶಿನ್ ರೂಮ್ ಇರುತ್ತದೆ. ಪಾರಿವಾಳದ ಹಿಕ್ಕೆ, ಗ್ರೀಸ್ ವಾಸನೆ, ಮೇ ತಿಂಗಳಲ್ಲಿ ಒಳಗೆ ಕಾಲಿಟ್ಟರೆ ಬೆಂದೇಹೋಗುವಂಥ ಸೆಕೆ. ಬಾಗಿಲ ಹಿಂದೆ ಮೊಳೆಗೆ ಸುತಳಿ ಕಟ್ಟಿ ಒಂದು ಲಾಗ್‌ಬುಕ್ ನೇತು ಹಾಕಿರುತ್ತಾರೆ. ಮೂಲೆಯೆಲ್ಲ ಮಡಿಚಿಹೋಗಿ, ಪುಟದ ಅಂಚಿಗೆ ಎಣ್ಣೆ ಹೆಬ್ಬೆಟ್ಟು ಬಿದ್ದಿರುತ್ತದೆ. ತಾರೀಕು, ಏನು ನೋಡಿದೆ, ಏನು ಸಿಕ್ಕಿತು, ಏನು ಬಾಕಿ, ಸಹಿ. ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಸೇರಿರುತ್ತದೆ. ಒಮ್ಮೆ ಮುಂಬೈಯ ಲಾಲ್‌ಬಾಗ್‌ನ ಒಂದು ಬಿಲ್ಡಿಂಗ್‌ನಲ್ಲಿ ಹಳೆಯ ಪುಟ ತಿರುಗಿಸುವಾಗ ಕನ್ನಡದಲ್ಲಿ 'ಎಣ್ಣೆ ಹಾಕೇನಿ, ಬ್ರೇಕ್ ನೋಡಬೇಕು' ಅಂತಿತ್ತು. ನನಗಿಂತ ಮುಂಚೆ ಆ ಬಿಸಿಲಲ್ಲಿ ನಮ್ಮ ಕಡೆಯವನೊಬ್ಬ ಬೆವರು ಸುರಿಸಿದ್ದಾನೆ ಅಂತ ಎಷ್ಟು ಖುಷಿಯಾಯ್ತು ಅಂದರೆ, ಕೆಲಸ ಬಿಟ್ಟು ಸುಮ್ನೆ ಹತ್ತು ನಿಮಿಷ ಕೂತೆ. ನನಗೆ ಕೆಲಸ ಕಲಿಸಿದ ಉಸ್ತಾದ್ ಒಂದೇ ಮಾತು ಹೇಳುತ್ತಿದ್ದರು: ಪೆಹಲೇ ಕಿತಾಬ್, ಬಾದ್ ಮೇ ಪಾನಾ. ಮೊದಲು ಪುಸ್ತಕ ಓದು, ಆಮೇಲೆ ಪಾನಾ, ಅಂದರೆ ಸ್ಪ್ಯಾನರ್, ಎತ್ತು.

ಬೈಬಲ್‌ನಲ್ಲೂ ಇದೇ ಬುದ್ಧಿ ಇದೆ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಿದಾಗ ನಡುಹೊಳೆಯಿಂದ 12 ಕಲ್ಲು ಎತ್ತಿಕೊಂಡು ಬಂದು ತಾವು ತಂಗಿದ ಜಾಗದಲ್ಲಿ ನಿಲ್ಲಿಸುತ್ತಾರೆ. ಮುಂದೆ ಮಕ್ಕಳು ಈ ಕಲ್ಲು ಯಾಕೆ ಅಂತ ಕೇಳಿದಾಗ ಹೇಳಬೇಕಲ್ಲ, ಅದಕ್ಕೆ. ಆಮೇಲೆ ಪ್ರವಾದಿ ಸಮುವೇಲನೂ ಒಂದು ಕಲ್ಲು ನಿಲ್ಲಿಸಿ ಎಬೆನೆಜೆರ್ ಅಂತ ಹೆಸರಿಡುತ್ತಾನೆ, ಅಂದರೆ ಸಹಾಯದ ಕಲ್ಲು. ಯೆಹೋವನು ಇಲ್ಲಿಯವರೆಗೆ ನಮಗೆ ಸಹಾಯ ಮಾಡಿದ್ದಾನೆ ಅನ್ನುತ್ತಾನೆ. ನಮ್ಮ ಕಡೆ ಎಷ್ಟು ಮನೆಗಳ ಬಾಗಿಲ ಮೇಲೆ ಆ ಹೆಸರು ಇದೆ, ಅಲ್ವಾ? ಬೆಟಗೇರಿಯಲ್ಲಿ ನಮ್ಮ ಓಣಿಯಲ್ಲೇ ಎರಡು ಮನೆ ಇದ್ದವು, ಪೋಸ್ಟ್‌ಮನ್ ದಿನಾ ಅದಲುಬದಲು ಮಾಡುತ್ತಿದ್ದ. ಆದರೆ ಆ ಮಾತಿನಲ್ಲಿರುವ 'ಇಲ್ಲಿಯವರೆಗೆ' ಅನ್ನುವುದನ್ನು ಗಮನಿಸಿ. ಸಮುವೇಲ ಮುಂದೆಯೂ ಎಲ್ಲ ಸರಿಹೋಗುತ್ತದೆ ಅಂತ ಹೇಳಲಿಲ್ಲ. ಶತ್ರುಗಳಾದ ಫಿಲಿಷ್ಟಿಯರು ನಾಳೆ ಮತ್ತೆ ಬರಬಹುದು. ನಿಂತ ಜಾಗದಲ್ಲಿ ನಿಂತು ಹಿಂದೆ ನೋಡಿದ, ಕಂಡದ್ದನ್ನು ಹೇಳಿದ, ಕಲ್ಲು ನೆಟ್ಟ.

ನಾವು ಭರವಸೆಯನ್ನು ಮುಂದೆ ಹುಡುಕುತ್ತೇವೆ. ಮಗಳ ಮದುವೆ ಆಗುತ್ತದಾ, ನಮ್ಮ ಬಿಲ್ಡಿಂಗ್‌ನ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋದರೆ ನಾವು ಎಲ್ಲಿರಬೇಕು, ರಿಪೋರ್ಟ್ ಏನು ಬರುತ್ತದೆ. ಮುಂದೆ ನೋಡಿದರೆ ಕಾಣುವುದು ಕತ್ತಲೆಯೇ, ಯಾಕೆಂದರೆ ಅದು ಇನ್ನೂ ಬಂದಿಲ್ಲ. ನನ್ನ ಅನುಭವ ಹೇಳುತ್ತೇನೆ, ದೇವರ ಮೇಲಿನ ನಂಬಿಕೆ ನನಗೆ ಸಿಕ್ಕಿದ್ದು ಹಿಂದೆ ನೋಡಿದಾಗ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ, ಉಳಿದದ್ದೆಲ್ಲ ಅದರ ಬಾಲ.

ನಮ್ಮ ಅವ್ವ ಇದನ್ನು ಬೇರೆ ಥರ ಮಾಡುತ್ತಿದ್ದಳು. ಮನೆಯಲ್ಲಿ ಮಗ್ಗ ಇತ್ತು. ವಾರಕ್ಕೊಮ್ಮೆ ಮಜೂರಿ ಬರುತ್ತಿತ್ತು, ಕೆಲವು ವಾರ ಬರುತ್ತಲೇ ಇರಲಿಲ್ಲ. ಬೆಳಿಗ್ಗೆ ಒಲೆ ಊದುತ್ತಾ, ಕಣ್ಣಲ್ಲಿ ಹೊಗೆಯ ನೀರು ಒರೆಸಿಕೊಳ್ಳುತ್ತಾ, 'ಇವತ್ತಿಂದು ಇವತ್ತ ಕೊಡಪಾ ತಂದಿ, ನಾಳಿಂದು ನಾಳೆ ಕೇಳ್ತೀನಿ' ಅನ್ನುತ್ತಿದ್ದಳು. ಅಷ್ಟೇ ಅವಳ ಪ್ರಾರ್ಥನೆ. ಅದು ಅವಳ ಸ್ವಂತದ್ದು ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಗಮನ ಇಟ್ಟು ಹೇಳಿದಾಗ ಗೊತ್ತಾಯಿತು, 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು' ಅನ್ನುವುದನ್ನೇ ಅವಳು ಬೆಟಗೇರಿ ಮಾತಿನಲ್ಲಿ ಹೇಳುತ್ತಿದ್ದಳು. ಆ 'ಅನುದಿನದ' ಅನ್ನುವ ಕಡೆ ಗ್ರೀಕ್ ಮೂಲದಲ್ಲಿರುವುದು ತುಂಬಾ ಅಪರೂಪದ ಪದ. ಬೇರೆ ಬರಹಗಳಲ್ಲಿ ಸಿಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಇವತ್ತಿನದು ಅಂತಲಾ, ನಾಳೆಯದು ಅಂತಲಾ, ಬದುಕಲು ಬೇಕಾದಷ್ಟು ಅಂತಲಾ, ಪಂಡಿತರು ಈಗಲೂ ಚರ್ಚೆ ಮಾಡುತ್ತಾರೆ. ಅವ್ವನಿಗೆ ಆ ಗೊಂದಲ ಇರಲಿಲ್ಲ.

ಮನ್ನಾದ ಕಥೆಯೂ ಇದೇ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಬೆಳಿಗ್ಗೆ ನೆಲದ ಮೇಲೆ ತಿನ್ನುವಂಥದ್ದು ಏನೋ ಬಿದ್ದಿರುತ್ತದೆ, ಜನ 'ಇದೇನು' ಅನ್ನುತ್ತಾರೆ, ಆ ಪ್ರಶ್ನೆಯೇ ಅದರ ಹೆಸರಾಗುತ್ತದೆ. ಅವರವರಿಗೆ ಬೇಕಾದಷ್ಟು ಕೂಡಿಸಿಕೊಳ್ಳಬೇಕು. ನಾಳೆಗೆ ಅಂತ ಮುಚ್ಚಿಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು. ಆರನೇ ದಿನ ಮಾತ್ರ ಎರಡು ಪಟ್ಟು, ಯಾಕೆಂದರೆ ಮಾರನೇ ದಿನ ಸಬ್ಬತ್, ಕೆಲಸ ಮಾಡದ ವಿಶ್ರಾಂತಿಯ ದಿನ. 40 ವರ್ಷ ಹೀಗೆ. ಇದನ್ನು ಕೇಳಿ ಎಲ್‌ಐಸಿ ನಿಲ್ಲಿಸಬೇಡಿ ಮತ್ತೆ! ಯೋಸೇಫ ಐಗುಪ್ತದಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟದ್ದೂ ಅದೇ ಬೈಬಲ್‌ನಲ್ಲಿದೆ. ಕೂಡಿಡುವುದು ತಪ್ಪಲ್ಲ. ಆದರೆ ಮುಂದಿನ ಹತ್ತು ವರ್ಷದ ಚಿಂತೆಯನ್ನು ಇವತ್ತೇ ಕೂಡಿಟ್ಟುಕೊಂಡರೆ ಅದಕ್ಕೂ ಹುಳ ಬೀಳುತ್ತದೆ. ನನಗೆ ಬಿದ್ದಿದೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಹೋಮ್ ಲೋನ್ ಲೆಕ್ಕ ಹಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಷ್ಟದ ಮಾತು.

2006ರಲ್ಲಿ ನಮ್ಮ ಅಣ್ಣ ಕಾಯಿಲೆ ಬಿದ್ದ. ನಾವೆಲ್ಲ ಪ್ರಾರ್ಥನೆ ಮಾಡಿದೆವು. ಮೂರು ದಿನ ಉಪವಾಸ ಪ್ರಾರ್ಥನೆ ಇಟ್ಟೆವು. ಅವ್ವ ನೀರು ಸಹ ಕುಡಿಯಲಿಲ್ಲ. ಅಣ್ಣ ತೀರಿಕೊಂಡ, 44 ವರ್ಷ. ಮಣ್ಣು ಮಾಡಿ ಬಂದ ಸಂಜೆ ಒಬ್ಬರು, ದೊಡ್ಡ ಭಕ್ತರು ಅನ್ನಿಸಿಕೊಂಡವರು, ಅವ್ವನ ಪಕ್ಕ ಕೂತು 'ನಂಬಿಕೆ ಸ್ವಲ್ಪ ಕಡಿಮೆ ಬಿತ್ತೇನೋ ಯವ್ವಾ' ಅಂದರು. ಆ ಮಾತನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಕ್ಷಮಿಸಬೇಕು ಅಂತ ಗೊತ್ತು, ಅದೂ ನನ್ನ ಲಾಗ್‌ಬುಕ್‌ನಲ್ಲಿ ಬಾಕಿ ಕೆಲಸ. ಇಲ್ಲಿ ಯಾರಾದರೂ ಎಂದಾದರೂ ಇಂಥ ಮಾತು ಆಡಿದ್ದರೆ ದಯವಿಟ್ಟು ಹೋಗಿ ಅವರ ಕೈ ಹಿಡಿದು ತಪ್ಪಾಯ್ತು ಅನ್ನಿ. ಗೆತ್ಸೆಮನೆ ತೋಟದಲ್ಲಿ ಯೇಸು ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ನನ್ನಿಂದ ದೂರವಾಗಲಿ ಅಂತ ಮೂರು ಸಲ ಕೇಳಿದ. ಪಾತ್ರೆ ದೂರವಾಗಲಿಲ್ಲ. ಅವನ ನಂಬಿಕೆ ಕಡಿಮೆ ಬಿತ್ತಾ?

ಆಮೇಲೆ ಹಲವು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಚರ್ಚಿಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ. ಒಳಗೆ ಫೋನ್ ಇಟ್ಟುಬಿಟ್ಟಿದ್ದೆ. ಆಗ ಒಂದು ರಾತ್ರಿ ಬೈಬಲ್‌ನಲ್ಲಿ ಕೀರ್ತನೆ 88 ಸಿಕ್ಕಿತು. ಬೇರೆ ಅಳುವ ಕೀರ್ತನೆಗಳು ಕೊನೆಯಲ್ಲಿ ಹೇಗೋ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತುಹಾಕಲಿಲ್ಲ, ಸಾವಿರಾರು ವರ್ಷ ಹಾಗೇ ಓದಿಕೊಂಡು ಬಂದಿದ್ದಾರೆ. ಅಂದರೆ ದೇವರ ಮುಂದೆ ಜಗಳ ಆಡುವುದಕ್ಕೂ ಜಾಗ ಇದೆ ಅಂತಾಯಿತು. ಮಾತು ಬಿಟ್ಟವನಿಗೆ ಜಗಳ ಆಡಲು ಆಗುವುದಿಲ್ಲ, ನೋಡಿ. ನಾನು ಜಗಳಕ್ಕೆ ಅಂತಲೇ ಮತ್ತೆ ಶುರು ಮಾಡಿದೆ.

ಅದೇ ದಿನಗಳಲ್ಲಿ ದಾದರ್‌ನಿಂದ ನನ್ನ ಜೊತೆ ಲೋಕಲ್‌ನಲ್ಲಿ ಬರುತ್ತಿದ್ದ ಉಡುಪಿ ಕಡೆಯ ಒಬ್ಬರು ಹಿರಿಯ ಕಥೋಲಿಕರು ಇದ್ದರು. ಹೋಟೆಲ್‌ನಲ್ಲಿ ಲೆಕ್ಕ ಬರೆಯುವವರು. ಕಲ್ಯಾಣ್ ಫಾಸ್ಟ್‌ನಲ್ಲಿ ಸೀಟು ಸಿಕ್ಕ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ನಿದ್ದೆ ಅಂದುಕೊಂಡಿದ್ದೆ. ಒಂದು ದಿನ 'ಅಂಕಲ್, ಇಷ್ಟು ಗಲಾಟೆಯಲ್ಲಿ ನಿದ್ದೆ ಹೇಗೆ ಬರುತ್ತದೆ' ಅಂತ ಕೇಳಿದೆ. 'ನಿದ್ದೆ ಅಲ್ಲ ಮಾರಾಯ, ಗಲ್ಲಾ ಎಣಿಸ್ತಾ ಇದ್ದೇನೆ' ಅಂದರು. ರಾತ್ರಿ ಹೋಟೆಲ್ ಮುಚ್ಚುವಾಗ ಗಲ್ಲಾಪೆಟ್ಟಿಗೆಯ ಲೆಕ್ಕ ಹಾಕುವ ಹಾಗೆ ದಿನದ ಲೆಕ್ಕ ದೇವರ ಮುಂದೆ ಹಾಕುವುದಂತೆ. ಮೊದಲು, ಬೆಳಕು ಕೊಡು ನಾನು ಸರಿಯಾಗಿ ನೋಡಲಿ ಅಂತ ಕೇಳಿಕೊಳ್ಳುವುದು. ಆಮೇಲೆ ಇವತ್ತು ಸಿಕ್ಕಿದ್ದಕ್ಕೆ ಥ್ಯಾಂಕ್ಸ್, ಅದೂ ಹೆಸರು ಹಿಡಿದು: ಕಿಟಕಿ ಸೀಟು ಸಿಕ್ಕಿತು, ಬಿ.ಪಿ. ಸರಿ ಇತ್ತು, ಹೀಗೆ. ಆಮೇಲೆ ಬೆಳಿಗ್ಗೆ ಎದ್ದ ಹೊತ್ತಿನಿಂದ ಒಂದೊಂದೇ ಗಂಟೆ ನಡೆದುಕೊಂಡು ಬರುವುದು, ಎಲ್ಲಿ ಮನಸ್ಸು ಹಗುರಾಯ್ತು, ಎಲ್ಲಿ ಬಿಗಿಯಾಯ್ತು. ತಪ್ಪಿದ ಕಡೆ ತಪ್ಪಾಯ್ತು ಅನ್ನುವುದು. ನಾಳೆಗೆ ಒಂದು ಮಾತು ಕೇಳುವುದು. ಅವರು ಇಳಿಯುವಷ್ಟರಲ್ಲಿ ಮುಗಿದಿರುತ್ತಿತ್ತು.

ಇದು ಇಗ್ನೇಷಿಯಸ್ ಲೊಯೋಲಾ ಕಲಿಸಿದ ರೀತಿ ಅಂತ ಅವರೇ ಹೇಳಿದರು. ಸಂತನಾಗುವ ಮುಂಚೆ ಆತ ಸಿಪಾಯಿ. 1521ರಲ್ಲಿ ಸ್ಪೇನ್‌ನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಓದಲು ಸಿಕ್ಕಿದ್ದು ಯೇಸುವಿನ ಮತ್ತು ಸಂತರ ಕಥೆಗಳು ಮಾತ್ರ. ಮಲಗಿದಲ್ಲೇ ಒಂದು ವಿಷಯ ಗಮನಿಸಿದ: ಶೂರನಾಗಿ ಮೆರೆಯುವ ಕನಸು ಕಾಣುವಾಗ ಖುಷಿ, ಆಮೇಲೆ ಒಣ ಒಣ. ಯೇಸುವಿನ ದಾರಿಯ ಯೋಚನೆ ಬಂದಾಗ ಆಮೇಲೂ ಖುಷಿ ಉಳಿಯುತ್ತಿತ್ತು. ಯೋಚನೆ ಬಂದಾಗಲ್ಲ, ಹೋದ ಮೇಲೆ ಏನು ಉಳಿಯುತ್ತದೆ ಅಂತ ನೋಡುವುದು, ಅಲ್ಲಿಂದಲೇ ಅವನ ಪ್ರಾರ್ಥನೆ ಬೆಳೆಯಿತು. ಗೋವಾದ ಬೊಮ್ ಜೀಸಸ್ ಚರ್ಚಿನಲ್ಲಿ ದೇಹ ಇರುವ ಫ್ರಾನ್ಸಿಸ್ ಜೇವಿಯರ್ ಪ್ಯಾರಿಸ್‌ನಲ್ಲಿ ಇವನ ಜೊತೆ ಒಂದೇ ಕೋಣೆಯಲ್ಲಿದ್ದವನು. ಹುಬ್ಬಳ್ಳಿ ಕಡೆಯವರು ಗೋವಾ ಟ್ರಿಪ್‌ಗೆ ಹೋಗಿ ಅಲ್ಲಿ ಫೋಟೋ ತೆಗೆಸಿಕೊಂಡು ಬರುತ್ತೇವಲ್ಲ, ಅದೇ ಜೇವಿಯರ್.

ನಮ್ಮ ಕಡೆಯ ಕೆಲವರು ಇದು ಕಥೋಲಿಕರದು ಅಂತ ಮೂಗು ಮುರಿಯಬಹುದು. ದೇವರೇ ನನ್ನನ್ನು ಶೋಧಿಸಿ ನೋಡು ಅನ್ನುವ ಕೀರ್ತನೆ 139ರ ಕೊನೆಯ ಎರಡು ವಚನ ಮನೆಗೆ ಹೋಗಿ ಓದಿ, ಆಮೇಲೆ ಮುರಿಯಿರಿ.

ನಾನು ಅಂಕಲ್ ಹೇಳಿದ್ದಕ್ಕೆ ಉಸ್ತಾದ್ ಕಲಿಸಿದ್ದನ್ನು ಸೇರಿಸಿದೆ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತೆಗೆದುಕೊಂಡೆ. ದಿನಕ್ಕೆ ಎರಡು ಸಾಲು, ಜಾಸ್ತಿ ಇಲ್ಲ. ಅಣ್ಣ ಹೋದ ವರ್ಷದ ಪುಟಗಳು ಈಗಲೂ ಇವೆ. ಒಂದು ಕಡೆ 'ಉತ್ತರ ಇಲ್ಲ' ಅಂತ ಬರೆದಿದ್ದೇನೆ. ಅದರ ಕೆಳಗೆ, 'ಅವ್ವ ಇವತ್ತು ಎರಡು ತುತ್ತು ಉಂಡಳು. ಪಕ್ಕದ ಮನೆಯ ಮರಾಠಿ ವಹಿನಿ ಭಾಕ್ರಿ ತಂದುಕೊಟ್ಟರು.' ಭಾಕ್ರಿ ಅಂದರೆ ರೊಟ್ಟಿ. ಬೈಬಲ್‌ನ ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ್ದಾಗ ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಆ ಭಾಕ್ರಿ ಬರೆದಿಡದೇ ಹೋಗಿದ್ದರೆ ನನಗೆ ಇವತ್ತು ಆ ವರ್ಷದಲ್ಲಿ ಸಾವು ಮಾತ್ರ ನೆನಪಿರುತ್ತಿತ್ತು.

ಇನ್ನೊಂದು ಹೇಳಬೇಕು, ಇದು ನನ್ನದೇ ತಪ್ಪಿನ ಕಥೆ. (ಇಲ್ಲಿ ಜೇಬಿನಿಂದ ಒಂದು ವೈರ್ ತೆಗೆದು ತೋರಿಸಿದೆ.) ಕೆಂಪು ವೈರ್, ಗೇಣುದ್ದವೂ ಇಲ್ಲ, ಎರಡು ತುದಿಗೂ ಕ್ಲಿಪ್. ಇದಕ್ಕೆ ಜಂಪರ್ ಅನ್ನುತ್ತೇವೆ. ಲಿಫ್ಟ್‌ನ ಎಲ್ಲ ಬಾಗಿಲ ಲಾಕ್‌ಗಳೂ ಒಂದೇ ಸಾಲಿನ ಕರೆಂಟ್‌ನಲ್ಲಿ ಕಟ್ಟಿರುತ್ತವೆ. ಒಂದು ಬಾಗಿಲು ತೆರೆದಿದ್ದರೂ ಲಿಫ್ಟ್ ಅಲುಗಾಡುವುದಿಲ್ಲ. ಎಲ್ಲಿ ತೊಂದರೆ ಅಂತ ಹುಡುಕುವಾಗ ನಾವು ಜಂಪರ್ ಹಾಕಿ ಆ ಲಾಕನ್ನು ತಾತ್ಕಾಲಿಕವಾಗಿ ದಾಟಿಸುತ್ತೇವೆ. ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ತೆಗೆಯದಿದ್ದರೆ ಬಾಗಿಲು ತೆರೆದಿರುವಾಗಲೇ ಲಿಫ್ಟ್ ಹೊರಟುಬಿಡಬಹುದು. ಆಮೇಲೆ ಏನಾಗಬಹುದು ಅಂತ ನಾನು ಹೇಳುವುದಿಲ್ಲ, ಮಕ್ಕಳು ಕೂತಿದ್ದಾರೆ.

ಅವತ್ತು ನಾಲ್ಕು ಬಿಲ್ಡಿಂಗ್ ಮುಗಿಸಿ ರಾತ್ರಿ ಒಂಬತ್ತರ ಸುಮಾರಿಗೆ ದಾದರ್‌ನಲ್ಲಿ ಗಾಡಿ ಹಿಡಿದೆ. ಕೂರಲು ಜಾಗ ಇಲ್ಲ, ಹಿಡಿಕೆ ಹಿಡಿದು ನಿಂತೇ ಗಲ್ಲಾ ಎಣಿಸಲು ಶುರು ಮಾಡಿದೆ. ಬೆಳಿಗ್ಗೆ ಹಾಲು ಒಡೆದದ್ದು, ಮಗನಿಗೆ ಬೈದದ್ದು. ಮೊದಲ ಬಿಲ್ಡಿಂಗ್, ಗೈಡ್ ರೈಲಿಗೆ ಎಣ್ಣೆ. ಎರಡನೆಯದು, ಸೆಕ್ರೆಟರಿ ಚಹಾ ಕೊಟ್ಟರು. ಮೂರನೆಯದು ಪರೇಲ್‌ನ ಏಳು ಮಹಡಿಯದು, ಡೋರ್ ಲಾಕ್ ಕಂಪ್ಲೇಂಟ್. ಪ್ಯಾನೆಲ್ ತೆಗೆದೆ, ಜಂಪರ್ ಹಾಕಿದೆ, ನಾಲ್ಕನೇ ಮಹಡಿಯ ಕಾಂಟ್ಯಾಕ್ಟ್ ಎಮರಿ ಪೇಪರ್‌ನಿಂದ ಉಜ್ಜಿದೆ, ಅಷ್ಟರಲ್ಲಿ ಸೂಪರ್‌ವೈಸರ್ ಫೋನ್ ಬಂತು, ಪ್ಯಾನೆಲ್ ಮುಚ್ಚಿದೆ. ಅಲ್ಲಿ ಮನಸ್ಸು ನಿಂತುಬಿಟ್ಟಿತು. ತೆಗೆದದ್ದು ನೆನಪೇ ಇಲ್ಲ. ಬ್ಯಾಗ್‌ಗೆ ಕೈ ಹಾಕಿ ತಡಕಾಡಿದೆ. ಜಂಪರ್ ಇಲ್ಲ.

ಗಾಡಿ ಘಾಟ್‌ಕೋಪರ್ ದಾಟಿತ್ತು. ಠಾಣೆಯಲ್ಲಿ ಇಳಿದು, ಸೇತುವೆ ಓಡಿ ದಾಟಿ, ವಾಪಸ್ ಗಾಡಿ ಹಿಡಿದೆ. ಸೊಸೈಟಿಯ ಫೋನ್ ನಂಬರ್ ಆಫೀಸಿನಲ್ಲಿ, ಆಫೀಸ್ ಮುಚ್ಚಿತ್ತು. ಆ ಮುಕ್ಕಾಲು ಗಂಟೆ ನಾನು ಮಾಡಿದ ಪ್ರಾರ್ಥನೆಯಲ್ಲಿ ಒಂದು ವಾಕ್ಯ ಕೂಡ ಇರಲಿಲ್ಲ, 'ಕರ್ತನೇ, ಕರ್ತನೇ' ಅಷ್ಟೇ. ಬಿಲ್ಡಿಂಗ್ ತಲುಪಿದಾಗ ಒಬ್ಬರು ಅಜ್ಜಿ ಕೈಚೀಲ ಹಿಡಿದು ಲಿಫ್ಟ್‌ನಿಂದ ಹೊರಗೆ ಬರುತ್ತಿದ್ದರು. ಅವರ ಕಾಲಿಗೆ ಬೀಳೋಣ ಅನ್ನಿಸಿತು. ವಾಚ್‌ಮನ್ 'ಕ್ಯಾ ಹುವಾ ಮಿಸ್ತ್ರಿ?' ಅಂದ. ಉತ್ತರ ಕೊಡದೆ ಏಳು ಮಹಡಿ ಹತ್ತಿ, ಮೇನ್ ಆಫ್ ಮಾಡಿ, ಪ್ಯಾನೆಲ್ ತೆಗೆದೆ. ಇತ್ತು. ಹಲ್ಲಿಯ ಹಾಗೆ ಅಂಟಿಕೊಂಡು ಕೂತಿತ್ತು.

ಮಾರನೇ ದಿನ ಲಾಗ್‌ಬುಕ್‌ನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ಬೈಗುಳ ಸಿಕ್ಕಿತು, ಮೆಮೋನೂ ಸಿಕ್ಕಿತು, ಸಿಗಬೇಕಾದ್ದೇ.

ಇದನ್ನು ಪವಾಡ ಅಂತ ಯಾರೂ ಮುಂದೆ ಹೇಳಬೇಡಿ. ದೇವರು ನನ್ನ ಕಿವಿಯಲ್ಲಿ ಜಂಪರ್ ಅಂತ ಪಿಸುಗುಟ್ಟಲಿಲ್ಲ. ದಿನವನ್ನು ಅವನ ಮುಂದೆ ಬಿಚ್ಚಿ ಹಾಕುವ ಅಭ್ಯಾಸ ಇತ್ತು, ಬಿಚ್ಚಿದಾಗ ಒಳಗಿದ್ದದ್ದು ಕಂಡಿತು. ಆದರೆ ಒಂದು ವ್ಯತ್ಯಾಸ ಆಯಿತು. ಅದಕ್ಕೂ ಮುಂಚೆ ದಿನಾ ಬೆಳಿಗ್ಗೆ 'ದೇವರೇ, ಇವತ್ತು ಯಾವ ಅಪಘಾತವೂ ಆಗದಿರಲಿ' ಅಂತ ಕೇಳಿ ನನ್ನ ಪಾಡಿಗೆ ನಾನು ಇದ್ದುಬಿಡುತ್ತಿದ್ದೆ. ಆ ಪ್ರಾರ್ಥನೆಗೆ ಉತ್ತರ ಠಾಣೆ ಸ್ಟೇಷನ್‌ನಲ್ಲಿ ಸೇತುವೆ ಹತ್ತಿ ಓಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಪ್ರತಿ ವರ್ಷ ಡಿಸೆಂಬರ್ 31ಕ್ಕೆ ವಾಚ್ ನೈಟ್ ಆರಾಧನೆಗೆ ಹೋಗುವ ಮುಂಚೆ ಇಡೀ ವರ್ಷದ ನೋಟ್‌ಬುಕ್ ಓದುತ್ತೇನೆ. ನಗು ಬರುತ್ತದೆ. ಯಾವುದೋ ಮಾರ್ಚ್‌ನಲ್ಲಿ ಮನೆ ಮಾಲೀಕ ಖಾಲಿ ಮಾಡು ಅಂದ, ಜೀವ ಹೋದ ಹಾಗೆ ಬರೆದಿದ್ದೇನೆ. ಓದುವಾಗ ಆ ಮಾಲೀಕನ ಮುಖ ಕೂಡ ನೆನಪಾಗುವುದಿಲ್ಲ. ಕೇಳಿ ಸಿಗದೇ ಹೋದವೂ ಇವೆ. ಒಂದು ಪ್ರಮೋಶನ್‌ಗೆ ಮೂರು ವರ್ಷ ಪ್ರಾರ್ಥನೆ ಮಾಡಿದ್ದೆ, ಸಿಗಲಿಲ್ಲ. ಅದರಿಂದ ಒಳ್ಳೆಯದೇ ಆಯಿತು ಅಂತ ಕಥೆ ಕಟ್ಟಲು ನನಗೆ ಮನಸ್ಸಿಲ್ಲ. ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಆ ಸಾಲಿನ ಮುಂದೆ ಇನ್ನೂ 'ಬಾಕಿ' ಅಂತಲೇ ಇದೆ.

ಕೀರ್ತನೆ 77 ಬರೆದವನೂ ಹೀಗೆ ಹಳೆಯ ಪುಟ ಓದಿದವನೇ ಅನ್ನಿಸುತ್ತದೆ. ನಿದ್ದೆ ಇಲ್ಲದ ರಾತ್ರಿ, ಕೈ ಚಾಚಿ ಕೂತಿದ್ದಾನೆ, ಸಮಾಧಾನ ಬೇಡ ಅನ್ನುತ್ತಿದ್ದಾನೆ. ದೇವರು ಕರುಣಿಸುವುದನ್ನು ಮರೆತನೋ ಅಂತಲೇ ಕೇಳಿಬಿಡುತ್ತಾನೆ. ಆಮೇಲೆ ಹಿಂದಿನ ಕಾಲದ ಕೆಲಸಗಳನ್ನು ಒಂದೊಂದಾಗಿ ನೆನೆಯುತ್ತಾನೆ, ಇಸ್ರಾಯೇಲ್ಯರು ಸಮುದ್ರ ದಾಟಿದ ದಾರಿಯವರೆಗೂ. ಅಲ್ಲಿ ಒಂದು ಮಾತಿದೆ, ನಿನ್ನ ಹೆಜ್ಜೆಯ ಗುರುತು ಕಾಣಲಿಲ್ಲ ಅಂತ. ದಾಟುವಾಗ ಕಾಣಲಿಲ್ಲ. ದಾಟಿದ್ದು ಮಾತ್ರ ನಿಜ.

ಕೆಲವರು ಮೊದಲೇ ಚೀಟಿ ಕೊಟ್ಟಿದ್ದೀರಿ. ಮನಸ್ಸು ಓಡುತ್ತದೆ, ಏನು ಮಾಡಬೇಕು? ಎಲ್ಲಿಗೆ ಓಡುತ್ತದೋ ಅದನ್ನೇ ದೇವರಿಗೆ ಹೇಳಿ. ಸಾಲದ ಕಡೆ ಓಡಿದರೆ ಸಾಲದ ಮಾತು ಆಡಿ, ಅಲ್ಲಿಯೇ ಗಾಯ ಇದೆ ಅಂತ ತಾನೇ ಅರ್ಥ. ನಿದ್ದೆ ಬಂದರೆ? ಬರಲಿ. ಬಿರುಗಾಳಿಯ ದೋಣಿಯಲ್ಲಿ ಯೇಸು ದಿಂಬಿನ ಮೇಲೆ ತಲೆ ಇಟ್ಟು ಮಲಗಿದ್ದ, ಸುವಾರ್ತೆ ಬರೆದ ಮಾರ್ಕನು ದಿಂಬನ್ನೂ ಮರೆಯದೆ ಬರೆದಿದ್ದಾನೆ. ನಂಬಿಕೆಯೇ ಬರುತ್ತಿಲ್ಲ ಅನ್ನುವವರು? ಮೂರ್ಛೆರೋಗದ ಮಗನನ್ನು ಕರೆತಂದ ತಂದೆ ಹೇಳಿದ್ದನ್ನು ಹೇಳಿ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಯೇಸು ಅವನನ್ನು ಪೂರ್ತಿ ನಂಬಿ ಬಾ ಅಂತ ವಾಪಸ್ ಕಳಿಸಲಿಲ್ಲ, ಮಗನನ್ನು ವಾಸಿ ಮಾಡಿದ. ಎಷ್ಟು ಹೊತ್ತು ಮಾಡಬೇಕು ಅಂತ ಒಬ್ಬರು ಅಕ್ಕ ಬರೆದಿದ್ದಾರೆ. ನನಗೆ ಕುರ್ಲಾದಿಂದ ಠಾಣೆವರೆಗೆ. ನಿಮಗೆ ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಆಗಬಹುದು.

ಈಗ ಮಾಡೋಣ. ಆರು ನಿಮಿಷ. ಫೋನ್ ಉಲ್ಟಾ ಇಡಿ. ಬೆಳಿಗ್ಗೆ ಕಣ್ಣು ಬಿಟ್ಟ ಕ್ಷಣದಿಂದ ಶುರು ಮಾಡಿ, ನಿಧಾನವಾಗಿ ಈ ಕುರ್ಚಿಯವರೆಗೆ ಬನ್ನಿ. ಓಡಬೇಡಿ.

ಈ ಆರು ನಿಮಿಷವನ್ನು ಬರಹದಲ್ಲಿ ಹೇಗೆ ಹಾಕುವುದೋ ಗೊತ್ತಾಗಲಿಲ್ಲ. ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಸದ್ದು ಇದೆ, ಕೆಳಗೆ ರಿಕ್ಷಾದವನ ಹಾರ್ನ್ ಇದೆ. ಮೂರನೇ ನಿಮಿಷದಲ್ಲಿ ಒಂದು ಮಗು 'ಅಮ್ಮಾ, ಮುಗೀತಾ' ಅನ್ನುತ್ತದೆ, ಯಾರೋ ಶ್ ಅನ್ನುತ್ತಾರೆ. ಐದನೆಯದರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರು ಅಳುವುದು ಕೇಳಿಸುತ್ತದೆ, ಜೋರಾಗಿ ಅಲ್ಲ. ಆಮೇಲೆ ಲಿಫ್ಟ್ ಬಂದು ನಿಂತ ಸದ್ದು, ಬಾಗಿಲು ತೆರೆದದ್ದು, ಚಹಾದ ಲೋಟಗಳು.